ಒಂದೇ ಗುಂಡಿನ ರೈಫಲ್

ಸರ್ಜನ್ ಸರ್ ತಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಚಾದರ ಹಾಸಿ ಎರಡೂ ರೈಫಲ್‌ಗಳನ್ನು ಮಲಗಿಸಿದ್ದರು. ಕುತ್ತಿಗೆಯ ಮೂಳೆ ಸವೆದು ಅವರಿಗೆ ಬೋರಲು ಮಲಗಿ ತಲೆ ಎತ್ತಲು ಆಗದಂತಾಗಿತ್ತು. ಮುನ್ನೂರು ಮೀಟರ್ ಶೂಟಿಂಗ್ ಎಂದರೆ ಹಾಗೆ ಬೋರಲು ಮಲಗಿ, ತಲೆ ಎತ್ತಿ, ದೂರದ ಒಂದು ಕಪ್ಪು ಚುಕ್ಕೆಯನ್ನೇ ನೋಡುತ್ತ ಇರುವ ಆಟ. ಇನ್ನು ಸಾಕೆಂದು ಅವರು ತೀರ್ಮಾನಿಸಿಬಿಟ್ಟಿದ್ದರು.

"ಎರಡರಾಗ ಒಂದ ನೀ ತಗೋ ಸಿಸ್ಟರ್. ಇನ್ನೊಂದಕ್ಕ ಬೆಳಗಾವಿಯವ್ರು ಕಾಯಾಕತ್ತಾರ. ಬರೂ ಐತಾರ ಎರಡೂ ಹೊಡದ ನೋಡಿ ಹೇಳಿಬಿಡು," ಎಂದರು.

ನಾನು ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಸರ್ ನಿವೃತ್ತರಾಗುವವರೆಗೆ ಅವರ ಎದುರು ನಿಂತು ಕೆಲಸ ಮಾಡಿದವಳು. ನನ್ನ ಕೈ ನಡುಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಕ್ಲಬ್ಬಿನ ಸಣ್ಣ ರೈಫಲ್‌ನಲ್ಲಿ ಐವತ್ತು ಮೀಟರ್ ಹೊಡೆಯುತ್ತ ಹೊಡೆಯುತ್ತ ನನಗೂ ಹುಚ್ಚು ಹತ್ತಿತು. ಒಂದೆರಡು ಪದಕ ಬಂದವು. ಆಮೇಲೆ ಐವತ್ತು ಮೀಟರ್ ಹತ್ತಿರವೆನಿಸತೊಡಗಿತು. ದೊಡ್ಡ ರೈಫಲ್‌ಗೆ ಲೈಸೆನ್ಸ್ ಕೇಳಿ ವರ್ಷಗಟ್ಟಲೆ ಓಡಾಡಿದ ಮೇಲೆ ಅದು ಆ ಚಳಿಗಾಲದಲ್ಲಿ ಮಂಜೂರಾಗಿತ್ತು. ಯಾವ ರೈಫಲ್, ಯಾವ ಅಳತೆಯ ಕಾಡತೂಸು ಎಂದು ಬರೆಸುವುದು ಮಾತ್ರ ಬಾಕಿ ಇತ್ತು.

ಮೇಜಿನ ಮೇಲಿದ್ದ ಮೊದಲನೆಯದು ಥರ್ಟಿ-ನಾಟ್-ಸಿಕ್ಸ್ ಎಂಬ ಅಳತೆಯದು. ನೋಡಿದ ಕೂಡಲೇ ಬಂದೂಕು ಅನಿಸುವ ಬಂದೂಕು. ಕಪ್ಪು ಮಿಶ್ರಿತ ಕಂದು ಕಟ್ಟಿಗೆ, ಹೆಗಲಿಗೆ ಹಾಕಿಕೊಳ್ಳಲು ಚರ್ಮದ ಪಟ್ಟಿ, ಹೊಟ್ಟೆಯೊಳಗೆ ಕಾಡತೂಸು ತುಂಬಿಡುವ ಮ್ಯಾಗಝಿನ್. ಬೋಲ್ಟ್ ಎಂಬ ಕಬ್ಬಿಣದ ಅಗಳಿಯನ್ನು ಹಿಂದಕ್ಕೆ ಎಳೆದು ಮುಂದೆ ತಳ್ಳಿದರೆ ಒಳಗಿದ್ದ ಮುಂದಿನ ಕಾಡತೂಸು ತಾನೇ ನಳಿಗೆಗೆ ಏರುತ್ತದೆ. ಅದರ ಕಾಡತೂಸು ನಮ್ಮ ದೇಶದಲ್ಲೇ ತಯಾರಾಗುತ್ತದೆ. ಕೇಳಿದರೆ ತಡವಾಗಿಯಾದರೂ ಸಿಗುತ್ತದೆ.

ಎರಡನೆಯದು ಆರೂವರೆ ಮಿಲಿಮೀಟರಿನದು. ಅದು ಬಂದೂಕಿಗಿಂತ ಬಡಿಗನ ಅಂಗಡಿಯ ಯಾವುದೋ ಸಾಧನದಂತೆ ಕಾಣುತ್ತಿತ್ತು. ದಪ್ಪ ನೆಟ್ಟನೆಯ ನಳಿಗೆ, ಅಗಲವಾದ ಕಟ್ಟಿಗೆ, ಕಣ್ಣಿಡುವಲ್ಲಿ ಸೂಜಿತೂತಿನ ಒಂದು ಬಿಲ್ಲೆ. ಹೆಗಲಿಗೆ ಹಾಕಿಕೊಂಡು ನಡೆಯಲಾಗದಷ್ಟು ಭಾರ. ಮ್ಯಾಗಝಿನ್ನೇ ಇಲ್ಲ. ಪ್ರತಿ ಸಲ ಒಂದು ಕಾಡತೂಸನ್ನು ಕೈಯಿಂದ ಇಟ್ಟು, ಹೊಡೆದು, ಖಾಲಿ ಹಿತ್ತಾಳೆ ತೆಗೆದು, ಮತ್ತೊಂದು ಇಡಬೇಕು. ಅದರ ಕಾಡತೂಸು ಹೊರದೇಶದಿಂದ ಬರಬೇಕು. ಬಂದರೆ ಬಂತು, ಇಲ್ಲವಾದರೆ ಇಲ್ಲ.

"ಈ ಆರೂವರೇದರ ಗುಂಡ ಸಣ್ಣಗ ಐತಿ, ಉದ್ದ ಐತಿ. ನಮ್ಮ ಗಾಳಿ ಅದನ್ನ ಅಷ್ಟ ದೂಡೂದಿಲ್ಲ. ಒದಿಯೂದೂ ಕಡಿಮಿ. ಆದ್ರ ಕಾಡತೂಸ ಸಿಗದ ಕುಂತ್ರ ಆಟಾನ ಬಂದ್," ಎಂದರು ಸರ್. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಮಾತ್ರ ಹೇಳಲಿಲ್ಲ. ನನ್ನ ಮನಸ್ಸು ಆಗ ಥರ್ಟಿ-ನಾಟ್-ಸಿಕ್ಸ್ ಕಡೆಗೇ ವಾಲಿತ್ತು. ಅಭ್ಯಾಸಕ್ಕೆ ಕಾಡತೂಸೇ ಇಲ್ಲದ ರೈಫಲ್ ಇಟ್ಟುಕೊಂಡು ಏನು ಮಾಡಲಿ?

ಆ ವಾರ ನನ್ನ ನಿದ್ದೆಗೆಡಿಸಿದ್ದು ಮಾತ್ರ ಇದಲ್ಲ.

ನನ್ನ ಗಂಡನ ಊರು ಬಬಲೇಶ್ವರದ ಕಡೆಯ ಸಾರವಾಡ. ಗಂಡ ವಿದ್ಯುತ್ ಕಂಪನಿಯ ನೌಕರಿಯಲ್ಲಿ ವಿಜಯಪುರಕ್ಕೆ ಬಂದವರು. ಊರಿನ ಹೊಲ, ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು ಎಲ್ಲವನ್ನೂ ನೋಡಿಕೊಳ್ಳುವವರು ಅವರ ಅಣ್ಣ, ನನ್ನ ಭಾವ. ದೊಡ್ಡ ಗಂಟಲಿನ, ದೊಡ್ಡ ಮನಸ್ಸಿನ ಮನುಷ್ಯ. ನನಗೆ ಪದಕ ಬಂದಾಗ ಊರೆಲ್ಲ ಪೇಢೆ ಹಂಚಿದ್ದರು. ಆ ವರ್ಷ ಶೆಡ್ಡಿಗೆ ಹೋಗುವ ದಾರಿಯ ಸಲುವಾಗಿ ಪಕ್ಕದ ಹೊಲದವರ ಜೊತೆ ಅವರಿಗೆ ಜಗಳ ಬಿದ್ದಿತ್ತು. ಭಾವನ ಟ್ರ್ಯಾಕ್ಟರ್ ತಿರುಗುವಾಗ ತಮ್ಮ ಬದು ಕುಸಿಯುತ್ತದೆ ಎಂದು ಆ ಹೊಲದವರು ದಾರಿಗೆ ಜಾಲಿಮುಳ್ಳು ಹಚ್ಚಿದ್ದರು. ಭಾವ ಕಿತ್ತೆಸೆದರು. ಅವರು ಮತ್ತೆ ಹಚ್ಚಿದರು. ಒಂದು ಸಲ ಕೈ ಕೈ ಮಿಲಾಯಿಸುವವರೆಗೂ ಹೋಗಿತ್ತು.

ಲೈಸೆನ್ಸಿನ ವಿಚಾರಣೆಗೆ ಪೊಲೀಸರು ಸಾರವಾಡಕ್ಕೂ ಹೋಗಿ ಬಂದಿದ್ದರಿಂದ ಊರಿಗೆಲ್ಲ ವಿಷಯ ಗೊತ್ತಾಗಿತ್ತು. ಅದಾದ ಮೇಲೆ ಭಾವನವರು ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಾಲ್ಕು ಜನ ಕೇಳುವ ಹಾಗೆ ಅಂದರಂತೆ: "ಮುಳ್ಳ ಹಚ್ಚವ್ರು ಹಚ್ಚಲಿ. ನಮ್ಮ ಮನಿಗೆ ಬಂದೂಕ ಬರಾಕತ್ತೈತಿ."

ಈ ಮಾತು ನನಗೆ ಗೊತ್ತಾಗಿದ್ದು ಪಕ್ಕದ ಹೊಲದವನ ಹೆಂಡತಿಯಿಂದ. ಹಿಂದೊಮ್ಮೆ ಆಕೆಯ ಪಿತ್ತಕೋಶದ ಆಪರೇಷನ್ ನಮ್ಮಲ್ಲೇ ಆಗಿತ್ತು. ಅರಿವಳಿಕೆ ಕೊಡುವಾಗ ಆಕೆ ನನ್ನ ಕೈ ಹಿಡಿದುಕೊಂಡೇ ಇದ್ದಳು. ಈಗ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಏನಾದರೂ ತ್ರಾಸು ಇದೆಯೇ ಎಂದು ಕೇಳಿದೆ.

"ಹೊಟ್ಟಿ ಆರಾಮ ಐತ್ರಿ ಅಕ್ಕಾರ. ಒಂದ ಮಾತ ಕೇಳ್ಬೇಕಾಗಿತ್ತು. ಸಿಟ್ಟ ಮಾಡ್ಕೋಬ್ಯಾಡ್ರಿ." ಸುತ್ತ ನೋಡಿ ದನಿ ತಗ್ಗಿಸಿದಳು. "ಆ ಬಂದೂಕ ಯಾರ ಸಂಬಂಧ ತರಾಕತ್ತೀರಿ?"

"ನನ್ನ ಸಂಬಂಧ. ಆಟದ್ದ ಅದು. ಕಾಗದಕ್ಕ ಗುರಿ ಇಟ್ಟ ಹೊಡಿಯೂದು."

"ಎಷ್ಟ ದೂರ ಹೋಕ್ಕೈತ್ರಿ ಅದು?"

"ನಾವು ಹೊಡಿಯೂದು ಮುನ್ನೂರ ಮೀಟರಿಗೆ."

"ನಿಮ್ಮ ಭಾವಾರ ಶೆಡ್ಡಿನಿಂದ ನಮ್ಮ ಬಾವಿ ಅಷ್ಟೂ ದೂರ ಇಲ್ರಿ," ಅಂದಳು. "ನಮ್ಮವ್ರು ಅಲ್ಲೇ ನೀರ ಹಾಯ್ಸಾಕ ಹೋಗ್ತಾರ. ಅವ್ರು ಮನಿಗೆ ಬರೂತನಕ ನನಗ ಒಂದ ರೊಟ್ಟಿ ನೆಟ್ಟಗ ಬಡಿಯಾಕ ಆಗವಲ್ದು."

ಭಾವ ಬಾಯಿ ಮಾತಿನ ಮನುಷ್ಯ, ಅಂಥದ್ದೇನೂ ಆಗುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಆದರೆ ಆಕೆ ಲೆಕ್ಕ ಹಾಕಿದ್ದ ದೂರ ನಿಜವಾಗಿತ್ತು. ನಾನು ಎಷ್ಟೋ ಸಲ ಆ ಶೆಡ್ಡಿನ ನೆರಳಲ್ಲಿ ಕುಳಿತು ಆ ಬಾವಿಯ ಕಟ್ಟೆಯನ್ನು ನೋಡಿದ್ದೆ.

"ಬರೂ ಐತಾರ ನನ್ನ ಜೋಡಿ ಬರ್ರಿ," ಎಂದೆ. "ಇನ್ನೂ ಆರಿಸಿಲ್ಲ ನಾನು. ಏನ ತಗೋತೀನಿ, ಎಲ್ಲಿ ಹೊಡೀತೀನಿ, ಎಲ್ಲಾ ಕಣ್ಣಾರೆ ನೋಡ್ರಿ."

ಗಂಡನಿಗೆ ಇದನ್ನು ಹೇಳಿದಾಗ ಅವರು ಊಟದ ತಟ್ಟೆ ಸರಿಸಿಬಿಟ್ಟರು. "ಬೆಂಕ್ಯಾಗ ಕೈ ಹಾಕಾಕತ್ತಿ ನೀ. ಅಣ್ಣಗ ಗೊತ್ತಾದ್ರ?"

ಅಣ್ಣನಿಗೆ ಗೊತ್ತಾಯಿತು. ಯಾಕೆಂದರೆ ಗಂಡನೇ ಫೋನಿನಲ್ಲಿ ಮಾತಿನ ನಡುವೆ ಐತವಾರದ ವಿಷಯ ಬಾಯಿಬಿಟ್ಟಿದ್ದರು.

ತಿಕೋಟಾದ ಆಚೆ, ಗುಡ್ಡಕ್ಕೆ ಆನಿಕೊಂಡಿರುವ ಫೈರಿಂಗ್ ರೇಂಜಿಗೆ ನಮ್ಮ ಕ್ಲಬ್ಬಿಗೆ ಕೆಲವು ಐತವಾರ ಅನುಮತಿ ಇರುತ್ತದೆ. ನಾನು, ಗಂಡ, ಪಕ್ಕದ ಹೊಲದ ಆ ಹೆಣ್ಣುಮಗಳು ಮೂವರೂ ಕಾರಿನಲ್ಲಿ ತಲುಪುವ ಹೊತ್ತಿಗೆ, ಗುಂಡು ಹಾರುತ್ತದೆಂದು ಎಚ್ಚರಿಸುವ ಕೆಂಪು ಬಾವುಟ ಏರಿತ್ತು. ಅದರ ಕೆಳಗೆ ಭಾವನವರ ಮೋಟರ್‌ಸೈಕಲ್ ನಿಂತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವರು ಸರ್ಜನ್ ಸರ್ ಜೊತೆ ಮಾತಾಡುತ್ತಿದ್ದರು. ಕಾರಿನಿಂದ ಇಳಿದ ಹೆಣ್ಣುಮಗಳನ್ನು ಕಂಡು ಮಾತು ಅರ್ಧಕ್ಕೇ ನಿಂತಿತು.

"ಇವ್ರನ್ನ ಯಾಕ ಕರ್ಕೊಂಬಂದಿ ತಂಗಿ?"

"ನೋಡಾಕ, ಭಾವಾರ. ನೀವೂ ನೋಡಾಕ ಬಂದೀರಲ್ಲ."

ನನ್ನ ಗಂಡ ತಮ್ಮ ಅಣ್ಣನ ಮತ್ತು ಆಕೆಯ ನಡುವೆ ಒಂದು ಕಂಬದ ಹಾಗೆ ನಿಂತರು. ರೇಂಜ್ ನೋಡಿಕೊಳ್ಳುವವರು ನಿವೃತ್ತ ಹವಾಲ್ದಾರರು. ಅವರು ಎಲ್ಲರಿಗೂ ಕಿವಿಗೆ ಹಾಕಿಕೊಳ್ಳಲು ಮುಚ್ಚಳ ಕೊಟ್ಟು, ನೆಲದ ಮೇಲಿನ ಬಿಳಿಗೆರೆ ತೋರಿಸಿ, ಕರೆಯದೆ ಯಾರೂ ಇದನ್ನು ದಾಟಬಾರದೆಂದು ಹೇಳಿದರು.

ಮೊದಲು ಆರೂವರೆ. ಚಾಪೆಯ ಮೇಲೆ ಬೋರಲು ಮಲಗಿ ಕಾಡತೂಸು ಇಟ್ಟೆ. ಎಡದಿಂದ ಗಾಳಿ ಬೀಸುತ್ತಿತ್ತು. ನಮ್ಮ ಕಡೆಯ ಬಯಲಿನಲ್ಲಿ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಗಾಳಿ ತೋರಿಸಲು ನೆಟ್ಟ ಸಣ್ಣ ಬಾವುಟಗಳು ಒಮ್ಮೆ ನೆಟ್ಟಗಾಗಿ, ಒಮ್ಮೆ ಸೋತು ಬೀಳುತ್ತಿದ್ದವು. ಸೋತಾಗ ಹೊಡೆಯಬೇಕೋ, ನೆಟ್ಟಗಿದ್ದಾಗಲೇ ಲೆಕ್ಕ ಹಾಕಿ ಹೊಡೆಯಬೇಕೋ ಎಂಬುದೇ ಆಟ. ಉಸಿರು ಅರ್ಧ ಬಿಟ್ಟು ಒತ್ತಿದೆ. ಭುಜಕ್ಕೆ ಯಾರೋ ಅಂಗೈಯಿಂದ ದೂಡಿದಂತಾಯಿತು, ಅಷ್ಟೇ. ಐದು ಹೊಡೆದು ದುರ್ಬೀನಿನಲ್ಲಿ ನೋಡಿದರೆ ಐದೂ ಒಂದು ಬಟ್ಟಲಿನ ಬಾಯಿಯಲ್ಲಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು.

"ಇದೇನ, ಒಂದೊಂದ ಇಟ್ಟ ಒಂದೊಂದ ಹೊಡಿಯೂದು?" ಎಂದು ಹಿಂದಿನಿಂದ ಭಾವನ ದನಿ ಕೇಳಿಸಿತು. ಅದರಲ್ಲಿ ನಿರಾಶೆ ಇತ್ತು.

ಆಮೇಲೆ ಥರ್ಟಿ-ನಾಟ್-ಸಿಕ್ಸ್. ಮೊದಲ ಗುಂಡಿಗೇ ಎದೆಯೊಳಗೆ ಸದ್ದು ಹೊಕ್ಕಿತು. ಭುಜ ಹಿಂದಕ್ಕೆ ಸರಿಯಿತು. ಚಾಪೆಯ ಮುಂದಿನ ಮಣ್ಣು ಎದ್ದಿತು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಬರುವಷ್ಟರಲ್ಲಿ ನನಗೇ ತಿಳಿಯದಂತೆ ಮೈ ಒದೆತವನ್ನು ಕಾಯತೊಡಗಿತ್ತು. ಗುಂಡುಗಳು ಬಲಕ್ಕೆ ಚದುರಿ ಬೀಳುತ್ತಿದ್ದವು. ತಿರುಗಿ ನೋಡಿದೆ. ಭಾವನ ಮುಖ ಅರಳಿತ್ತು. "ಬಂದೂಕ ಅಂದ್ರ ಇದು ನೋಡ್ ತಮ್ಮಾ!" ಎಂದು ಗಂಡನ ಬೆನ್ನು ತಟ್ಟುತ್ತಿದ್ದರು. ಆಕೆ ಕಿವಿಯ ಮುಚ್ಚಳದ ಮೇಲೆ ಎರಡೂ ಕೈ ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ಮ್ಯಾಗಝಿನ್‌ನಾಗ ಎರಡ ಹಾಕ್ತೀನಿ. ಕಟ್ಟಿಗಿಯಿಂದ ಗಲ್ಲ ಎತ್ತದನ ಎರಡೂ ಹೊಡಿ. ನಿನ್ನ ಕೈಗೆ ಹೊಂದ್ತೈತೋ ಇಲ್ಲೋ ಗೊತ್ತಾಕ್ಕೈತಿ," ಎಂದು ಸರ್ ತಾವೇ ಎರಡು ಕಾಡತೂಸು ತುಂಬಿದರು.

ಮೊದಲನೆಯದನ್ನು ಹೊಡೆದೆ. ಅಷ್ಟರಲ್ಲಿ ಹವಾಲ್ದಾರರ ಸೀಟಿ. "ಸ್ಟಾಪ್! ಬೋಲ್ಟ್ ತಗೀರಿ, ಕೈ ಬಿಡ್ರಿ, ಹಿಂದ ಸರೀರಿ! ಯಾರೂ ಮುಟ್ಟಬ್ಯಾಡ್ರಿ!"

ಬಲಗಡೆ ಗುಡ್ಡದ ಇಳಿಜಾರಿನಲ್ಲಿ ಒಂದು ಕುರಿಹಿಂಡು ಇಳಿದು ಬರುತ್ತಿತ್ತು. ಬಾವುಟ ಕಂಡ ಕುರುಬ ಅವನ್ನು ತಿರುಗಿಸಲು ಓಡುತ್ತಿದ್ದ. ನಾನು ಬೋಲ್ಟ್ ಎಳೆದೆ. ಖಾಲಿ ಹಿತ್ತಾಳೆ ಚಾಪೆಯ ಮೇಲೆ ಬಿತ್ತು. ರೈಫಲ್ ಹಾಗೇ ಬಿಟ್ಟು ಎದ್ದು ಗೆರೆಯ ಹಿಂದೆ ಬಂದೆ. ಹವಾಲ್ದಾರರು ಮೊದಲು ಕುರಿಗಳನ್ನು ಕಳಿಸಿ, ಆಮೇಲೆ ಬಂದು ರೈಫಲ್ ತಪಾಸು ಮಾಡಿ ಖಾಲಿ ಮಾಡುವುದು ವಾಡಿಕೆ. ಅವರು ಸೀಟಿ ಊದುತ್ತ ಬಲಕ್ಕೆ ಹೋದರು. ಎಲ್ಲರ ಕಣ್ಣೂ ಆ ಕಡೆಗೇ ಇದ್ದವು. ನನ್ನವೂ.

"ತಮ್ಮಾ, ಒಂದ ಫೋಟೋ ತಗಿ ನಂದು," ಎಂಬ ಮಾತು ಕೇಳಿ ಈ ಕಡೆ ತಿರುಗಿದೆ.

ಭಾವ ಗೆರೆ ದಾಟಿದ್ದರು. ಥರ್ಟಿ-ನಾಟ್-ಸಿಕ್ಸ್ ಅವರ ಕೈಯಲ್ಲಿತ್ತು. ತೆರೆದಿದ್ದ ಬೋಲ್ಟ್ ಫೋಟೋದಲ್ಲಿ ಚೆಂದ ಕಾಣುವುದಿಲ್ಲ ಅನಿಸಿತೋ ಏನೋ, ನಾನು ಮಾಡುವುದನ್ನು ನೋಡಿದ್ದ ಹಾಗೆಯೇ ಅದನ್ನು ಮುಂದಕ್ಕೆ ತಳ್ಳಿ ಕೆಳಗೆ ಮಡಚಿದರು. ಒಳಗಿದ್ದ ಎರಡನೆಯ ಕಾಡತೂಸು ನಳಿಗೆಗೆ ಏರುವ ಸದ್ದು ನನಗೆ ಕೇಳಿಸಿತು. ಅವರಿಗೆ ಅದು ಬರೀ ಕಬ್ಬಿಣದ ಸದ್ದು. ಬೆರಳು ಟ್ರಿಗರಿನ ಮೇಲಿಟ್ಟುಕೊಂಡು ನಗುತ್ತ ಈ ಕಡೆ ತಿರುಗಿದರು.

ನಳಿಗೆ ನನ್ನ ಗಂಡನ ಮೊಣಕಾಲಿನ ಮೇಲಿಂದ ಹಾದು, ಮೇಲೇರಿ, ಅವರ ಹಿಂದೆ ನಿಂತಿದ್ದ ಆ ಹೆಣ್ಣುಮಗಳ ಎದೆಯ ಮೇಲೆ ಬಂದು ನಿಂತಿತು. ಗಂಡ ಫೋನ್ ಹಿಡಿದು ನಿಂತಿದ್ದರು.

ಓಡಬೇಕು ಅನಿಸಿತು. ಓಡಲಿಲ್ಲ. ಓಡಿದರೆ ಭಾವ ಬೆಚ್ಚಿ ಬೆರಳು ಬಿಗಿದುಬಿಡುತ್ತಾರೆ ಎಂಬುದು ಮಾತ್ರ ಹೊಳೆಯಿತು. ಥಿಯೇಟರಿನಲ್ಲಿ ರಕ್ತ ಚಿಮ್ಮಿದಾಗ ಮಾತಾಡುವ ದನಿಯಲ್ಲಿ, "ಭಾವಾರ, ಹಂಗ ನಿಲ್ರಿ. ಅಲುಗಾಡಬ್ಯಾಡ್ರಿ," ಎಂದೆ. ಬದಿಯಿಂದ ನಡೆದು ಹೋಗಿ ಎಡಗೈಯನ್ನು ನಳಿಗೆಯ ಕೆಳಗಿಟ್ಟು ಆಕಾಶದ ಕಡೆ ಎತ್ತಿದೆ. ಇನ್ನೂ ಬಿಸಿಯಾಗಿತ್ತು. ಬಿಡಲಿಲ್ಲ.

"ಏನ ತಂಗಿ, ಖಾಲಿ ಐತಲ್ಲ..." ಎಂದು ಅವರು ನಗಲು ಹೋದರು.

"ಖಾಲಿ ಇಲ್ರಿ. ಬೆರಳ ತಗೀರಿ."

ಅವರು ನನ್ನ ಮುಖ ನೋಡಿದರು. ಬೆರಳು ಮೆಲ್ಲಗೆ ಹೊರಗೆ ಬಂತು. ಸರ್ ಅಷ್ಟರಲ್ಲಿ ಬಂದು, ರೈಫಲ್ ತಮ್ಮ ಕೈಗೆ ತೆಗೆದುಕೊಂಡು, ಗುಡ್ಡದ ಕಡೆ ತಿರುಗಿಸಿ ಬೋಲ್ಟ್ ಎಳೆದರು. ಹೊಳೆಯುವ ಕಾಡತೂಸು, ತುದಿಗೆ ತಾಮ್ರದ ಗುಂಡು ಸಹಿತ, ಹಾರಿ ಚಾಪೆಯ ಮೇಲೆ ಬಿದ್ದು ಉರುಳಿತು.

ಭಾವ ಅದನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ಬಿಳಿ ಅಂಗಿಯ ಸಮೇತ ಕೆಂಪು ಮಣ್ಣಿನಲ್ಲಿ ಕುಳಿತುಬಿಟ್ಟರು. "ಯಪ್ಪಾ," ಎಂದರು. ಮತ್ತೆ ಮತ್ತೆ ಅದೊಂದೇ ಮಾತು. ಹವಾಲ್ದಾರರು ಬಂದು ಬಯ್ಯತೊಡಗಿದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ನನ್ನ ಗಂಡ ಅಣ್ಣನ ಹತ್ತಿರ ಹೋಗದೆ ದೂರದಲ್ಲೇ ನಿಂತಿದ್ದರು. ಫೋನು ಹಿಡಿದ ಕೈ ಇನ್ನೂ ಇಳಿದಿರಲಿಲ್ಲ.

ಆಕೆ ನಿಂತಲ್ಲೇ ಇದ್ದಳು. ಆಮೇಲೆ ಕಾರಿನ ಹತ್ತಿರ ಹೋಗಿ, ತನ್ನ ಚೀಲದಿಂದ ನೀರಿನ ಬಾಟಲಿ ತಂದು, ತಾನು ಒಂದು ಗುಟುಕು ಕುಡಿದು, ಉಳಿದದ್ದನ್ನು ಭಾವನ ಮುಂದೆ ನೆಲದ ಮೇಲಿಟ್ಟಳು.

"ಸರ, ನನಗ ಆರೂವರೆ," ಎಂದೆ.

ಗುರಿಯ ಕಾಗದ ನೋಡಿದ ಯಾರಾದರೂ ಅದನ್ನೇ ಆರಿಸುತ್ತಿದ್ದರು. ನಾನು ಆರಿಸಿದ್ದು ಕಾಗದ ನೋಡಿಯೋ, ಚಾಪೆಯ ಮೇಲೆ ಉರುಳಿದ ಆ ಕಾಡತೂಸು ನೋಡಿಯೋ, ಇವತ್ತಿಗೂ ಬಿಡಿಸಿ ಹೇಳಲಾರೆ. ಒಂದಂತೂ ಖರೆ. ಒಂದೇ ಗುಂಡಿನ ರೈಫಲ್‌ನ ಬೋಲ್ಟ್ ತೆರೆದರೆ ಅದರ ಹೊಟ್ಟೆಯೆಲ್ಲ ಕಣ್ಣಿಗೆ ಕಾಣುತ್ತದೆ. ಅಡಗಿಸಿ ಇಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ.

ಭಾವ ಮೋಟರ್‌ಸೈಕಲ್ ಹೊಡೆಯುವ ಸ್ಥಿತಿಯಲ್ಲಿರಲಿಲ್ಲ. ಅದನ್ನು ಗಂಡ ತೆಗೆದುಕೊಂಡು ಹೊರಟರು. ಭಾವ ಕಾರಿನಲ್ಲಿ ನನ್ನ ಪಕ್ಕಕ್ಕೆ ಕುಳಿತರು. ಹಿಂದಿನ ಸೀಟಿನಲ್ಲಿ ಆಕೆ. ನನ್ನ ಎಡ ಅಂಗೈ ಉರಿಯುತ್ತಿತ್ತು. ಗೇರು ಹಾಕುವಾಗಲೆಲ್ಲ ಹಲ್ಲು ಕಚ್ಚುತ್ತಿದ್ದೆ. ತಿಕೋಟಾ ನನ್ನ ತವರೂರು. ಆ ದಾರಿಯಲ್ಲಿ ಹೋದಾಗ ಮನೆಗೆ ಹೋಗದೆ ಮುಂದೆ ಹೋದವಳಲ್ಲ. ಆವತ್ತು ಅವ್ವನಿಗೆ ಮುಖ ತೋರಿಸುವ ಧೈರ್ಯವಾಗಲಿಲ್ಲ. ಊರ ಹೊರಗಿನ ಹೋಟೆಲಿನ ಮುಂದೆ ಕಾರು ನಿಲ್ಲಿಸಿದೆ. ಮೂವರೂ ಇಳಿಯಲಿಲ್ಲ. ಚಹಾ ಕಾರಿಗೇ ಬಂತು.

ಭಾವ ಲೋಟ ಎರಡೂ ಕೈಯಲ್ಲಿ ಹಿಡಿದು, ಹಿಂದಕ್ಕೆ ತಿರುಗದೆ ಮುಂದಿನ ಗಾಜನ್ನೇ ನೋಡುತ್ತ ಅಂದರು: "ಮನ್ಯಾಗ ಹೇಳಬ್ಯಾಡವಾ ಇದನ್ನ. ನಿಮ್ಮವ್ರಿಗೆ ಬ್ಯಾರೇನ ತಿಳಿದೀತು."

ನಾನು ಕನ್ನಡಿಯಲ್ಲಿ ಆಕೆಯ ಮುಖ ನೋಡಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಹೇಳೇ ಹೇಳ್ತೀನ್ರಿ ಅಣ್ಣಾರ," ಅಂದಳು ಕೊನೆಗೆ. "ಬಂದೂಕ ನನ್ನ ಎದಿಮ್ಯಾಲ ಬಂದಿತ್ತು ಅಂತ ಹೇಳ್ತೀನಿ. ನೀವು ಮಣ್ಣಾಗ ಕುಂತ ಅಂಜಿದ್ರಿ ಅಂತನೂ ಹೇಳ್ತೀನಿ. ಎರಡೂ ಹೇಳ್ತೀನಿ."

ಭಾವ ಲೋಟ ಬಾಯಿಗೆ ತಂದು, ಕುಡಿಯದೆ, ಹಾಗೇ ಇಳಿಸಿದರು. "ಹ್ಞೂಂ," ಎಂದರು.

ಆಕೆ ಮನೆಯಲ್ಲಿ ಏನು ಹೇಳಿದಳೋ, ಹೇಗೆ ಹೇಳಿದಳೋ ನನಗೆ ಗೊತ್ತಿಲ್ಲ. ಆ ವಾರವಿಡೀ ಫೋನು ಬಂದಾಗಲೆಲ್ಲ ಸಾರವಾಡದಿಂದ ಏನು ಸುದ್ದಿಯೋ ಎಂದು ಅಂಜುತ್ತಿದ್ದೆ. ಕೆಟ್ಟದ್ದೇನೂ ಬರಲಿಲ್ಲ. ಮುಳ್ಳು ಇನ್ನೂ ಕೆಲವು ದಿನ ಇತ್ತು. ಆಮೇಲೆ ಎರಡೂ ಕಡೆಯವರು ಕೂಡಿ ಅರ್ಜಿ ಕೊಟ್ಟು ಸರ್ವೇಯರನನ್ನು ಕರೆಸಿದರು. ಅಳೆದು ಕಲ್ಲು ನೆಟ್ಟಾಗ ದಾರಿ ಭಾವ ಅಂದುಕೊಂಡಷ್ಟು ಅಗಲ ಸಿಗಲಿಲ್ಲ. ಅವರು ಟ್ರ್ಯಾಕ್ಟರನ್ನು ದೂರದಿಂದಲೇ ತಿರುಗಿಸಿ ತರುವುದು ಕಲಿತರು. ಎರಡು ಮನೆಗಳ ನಡುವೆ ಹೋಗಿ ಬರುವುದೇನೂ ಶುರುವಾಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡಿ ಮುಂದೆ ಹೋಗುತ್ತಾರೆ.

ನನ್ನ ಆರೂವರೆಯ ಕಾಡತೂಸು ಸರ್ ಹೆದರಿಸಿದ ಹಾಗೆಯೇ ಕಷ್ಟದಿಂದ ಬರುತ್ತದೆ. ಇದ್ದಷ್ಟರಲ್ಲಿ ಜಿಪುಣಿಯ ಹಾಗೆ ಅಭ್ಯಾಸ ಮಾಡುತ್ತೇನೆ. ಮೊದಲ ಸ್ಪರ್ಧೆಯಲ್ಲಿ ಗಾಳಿ ಓದುವುದು ತಪ್ಪಿ ಪಟ್ಟಿಯ ನಡುವೆಲ್ಲೋ ಉಳಿದೆ.

ಭಾವ ಆ ದ್ರಾಕ್ಷಿ ಸುಗ್ಗಿ ಮುಗಿಯುವವರೆಗೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಾಚಿಕೆಯೋ ಸಿಟ್ಟೋ ತಿಳಿಯಲಿಲ್ಲ. ಒಂದು ದಿನ ಒಣದ್ರಾಕ್ಷಿಯ ಡಬ್ಬಿ ಕೊಡಲು ಮನೆಗೆ ಬಂದವರು ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲೇ ನಿಂತರು.

"ಎಲ್ಲಿ ಇಟ್ಟೀ ತಂಗಿ ಅದನ್ನ?"

"ಕ್ಲಬ್ಬಿನ ತಿಜೋರಿಯೊಳಗ, ಭಾವಾರ. ಮನಿಗೆ ತಂದಿಲ್ಲ."

ಅವರು ಬಾಗಿ ಇನ್ನೊಂದು ಚಪ್ಪಲಿ ಮೆಟ್ಟಿದರು.

"ಊರ ಕಡೆ ತರೂದ ಬ್ಯಾಡ," ಎಂದರು. "ನಾ ಬೇಡಿದ್ರೂ ತರಬ್ಯಾಡ."